ಸರ್ಜನ್ ಬೇಕೆನ್ನುವವರು ಬಡ್ಡಿಯ ಲೆಕ್ಕವನ್ನೂ ಕೇಳಲಿ

ಸರ್ಜರಿಯಲ್ಲಿ ಪಿಜಿ ಮಾಡುತ್ತಿರುವ ಡಾಕ್ಟರುಗಳ ಸ್ಟೈಪೆಂಡ್ ವರ್ಷವರ್ಷ ತಾನಾಗಿ ಏರುವಂತಾಗಬೇಕು. ಆ ಮೂರು ವರ್ಷ ಅವರ ಶಿಕ್ಷಣ ಸಾಲದ ಬಡ್ಡಿಯನ್ನು ಸರ್ಕಾರ ಹೊರಬೇಕು. ಲಕ್ಕುಂಡಿಯ ಸಭೆಯೊಂದರಲ್ಲಿ ಈ ಎರಡು ಮಾತು ಆಡಿದ್ದಕ್ಕೆ ನನಗೆ ಬಂದ ವಿರೋಧ ಸಣ್ಣದಲ್ಲ. ವಿರೋಧಿಸಿದವರಲ್ಲಿ ನಾನು ಗೌರವಿಸುವ ಹಿರಿಯ ಸರ್ಜನ್ ಒಬ್ಬರಿದ್ದಾರೆ, ಖಾಸಗಿ ಮೆಡಿಕಲ್ ಕಾಲೇಜೊಂದರ ಆಡಳಿತ ಮಂಡಳಿಯವರಿದ್ದಾರೆ, ನಮ್ಮೂರಿನ ರೈತರೂ ಇದ್ದಾರೆ. ಬ್ಯಾಂಕಿನ ನೌಕರಿಯಲ್ಲಿದ್ದಾಗ ಗದಗ, ಮುಂಡರಗಿ, ಶಿರಹಟ್ಟಿ ಕಡೆಯ ಶಾಖೆಗಳಲ್ಲಿ ಶಿಕ್ಷಣ ಸಾಲದ ಅರ್ಜಿಗಳನ್ನು ನೋಡಿದವನು ನಾನು. ಅವರ ಒಂದೊಂದು ಮಾತಿಗೂ ಉತ್ತರ ಕೊಡುವುದು ನನ್ನ ಹೊಣೆ ಎಂದು ತಿಳಿದು ಬರೆಯುತ್ತಿದ್ದೇನೆ.

ಮೊದಲನೆಯ ಆಕ್ಷೇಪ ಎಲ್ಲರ ಬಾಯಲ್ಲೂ ಇರುವಂಥದು: “ಕಲಿಯಾಕ ಬಂದವ್ರಿಗೆ ಪಗಾರ ಯಾಕ ಬೇಕ್ರಿ?”

ಕಲಿಯುತ್ತಾರೆ, ನಿಜ. ಆದರೆ ಹೇಗೆ ಕಲಿಯುತ್ತಾರೆ ಎಂಬುದನ್ನು ನೋಡಬೇಕು. ರಾಶಿ ಮಿಷನ್ನಿಗೆ ಕೈ ಸಿಕ್ಕಿಸಿಕೊಂಡ ನಮ್ಮೂರಿನ ಒಬ್ಬನನ್ನು ರಾತ್ರಿ ಹನ್ನೊಂದಕ್ಕೆ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಒಯ್ದರು ಎನ್ನಿ. ಕ್ಯಾಶುವಾಲಿಟಿಯಲ್ಲಿ ಅವನ ಕೈಗೆ ಸುತ್ತಿದ ರಕ್ತದ ಪಂಚೆಯನ್ನು ಬಿಚ್ಚಿ ನೋಡುವವರು ಪಿಜಿ ಡಾಕ್ಟರು. ಬಿ.ಪಿ. ನೋಡಿ ಸಲೈನ್ ಹಚ್ಚುವುದು, ರಕ್ತದ ಗುಂಪು ತಿಳಿಯಲು ಸ್ಯಾಂಪಲ್ ಕಳಿಸುವುದು, ಎಕ್ಸ್‌ರೇ ಬರೆಯುವುದು, ಮೇಲಿನ ಡಾಕ್ಟರಿಗೆ ಫೋನು ಮಾಡಿ ಸ್ಥಿತಿ ತಿಳಿಸುವುದು, “ಬೆರಳು ಉಳೀತಾವೇನ್ರೀ ಯಪ್ಪಾ” ಎಂದು ಅಳುವ ತಾಯಿಗೆ ಸಮಾಧಾನ ಹೇಳಿ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಿಕೊಳ್ಳುವುದು, ಥಿಯೇಟರಿನಲ್ಲಿ ಹಿರಿಯರ ಪಕ್ಕ ನಿಂತು ಆಪರೇಷನ್ ಮುಗಿಸುವುದು, ಬೆಳಗ್ಗೆ ಆರಕ್ಕೆ ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯಿಂದ ಕೊಳೆತ ಕಾಲುಗಳ ಡ್ರೆಸಿಂಗ್ ಶುರು ಮಾಡುವುದು. ಆ ಬೆಳಗಿಗೆ ಅವರ ಡ್ಯೂಟಿ ಮುಗಿಯುವುದಿಲ್ಲ, ಒಪಿಡಿ ಶುರುವಾಗುತ್ತದೆ. ಈ ಮಕ್ಕಳು ಒಂದು ದಿನ ಕೈಕಟ್ಟಿ ಕೂತರೆ ಸರ್ಕಾರಿ ಬೋಧನಾ ಆಸ್ಪತ್ರೆಯ ಸರ್ಜರಿ ವಿಭಾಗ ನಡೆಯುವುದಿಲ್ಲ. ನಡೆಸುವವರಿಗೆ ಕೊಡುವ ಹಣವನ್ನು ವಿದ್ಯಾರ್ಥಿ ವೇತನವೆಂದು ಕರೆಯಿರಿ, ಸ್ಟೈಪೆಂಡ್ ಎಂದು ಕರೆಯಿರಿ, ಅದು ದುಡಿಮೆಯ ಹಣ.

ನಿಯಮವೂ ಇದನ್ನೇ ಹೇಳುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಾವಳಿಯ ಪ್ರಕಾರ ಪಿಜಿ ವಿದ್ಯಾರ್ಥಿಗಳೆಲ್ಲ ಪೂರ್ಣಾವಧಿ ರೆಸಿಡೆಂಟ್ ಡಾಕ್ಟರುಗಳಾಗಿ ಕೆಲಸ ಮಾಡಬೇಕು. 1992ರ ಕೇಂದ್ರದ ರೆಸಿಡೆನ್ಸಿ ಯೋಜನೆ ದಿನಕ್ಕೆ 12 ತಾಸು, ವಾರಕ್ಕೆ 48 ತಾಸು ಮೀರಬಾರದೆಂದಿತ್ತು. ಅದೇ ಆಯೋಗ ನೇಮಿಸಿದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ತಾಸಿಗಿಂತ ಹೆಚ್ಚು ದುಡಿಸಬೇಡಿ ಎಂದು ಸಲಹೆ ಮಾಡಿತು. 74 ತಾಸು ಎಂಬ ಮಿತಿಯೇ ಪರಿಹಾರವಾಗಿ ಕಾಣುವಷ್ಟು ದುಡಿತ ಇದೆ ಎಂದರೆ, ಇದನ್ನು ಬರೀ ಓದು ಎನ್ನುವುದು ಹೇಗೆ?

ಇನ್ನೊಂದು ಹೋಲಿಕೆ ನೋಡಿ. ಕರ್ನಾಟಕದಲ್ಲಿ ಮೊದಲ ವರ್ಷದ ಪಿಜಿಗೆ 2020ರಲ್ಲಿ ತಿಂಗಳಿಗೆ 45,000 ರೂಪಾಯಿ ನಿಗದಿಯಾಯಿತು. ಎರಡನೇ ವರ್ಷಕ್ಕೆ 50,000, ಮೂರನೇ ವರ್ಷಕ್ಕೆ 55,000. 2024ರಲ್ಲಿ ಶೇ 25 ಏರಿ ಮೊದಲ ವರ್ಷಕ್ಕೆ 56,250 ಆಯಿತು. ದೆಹಲಿಯ ಏಮ್ಸ್‌ನಲ್ಲಿ ಇದೇ ಓದು, ಇದೇ ಕೆಲಸ ಮಾಡುವ ಜೂನಿಯರ್ ರೆಸಿಡೆಂಟಿಗೆ ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನವೇ 56,100; ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ಖಾಸಗಿ ವೃತ್ತಿ ಮಾಡದಿರುವುದಕ್ಕೆ ಕೊಡುವ ಭತ್ಯೆ. ಅಲ್ಲಿ ಬುನಾದಿಯಾಗಿರುವ ಮೊತ್ತ ಇಲ್ಲಿ ಒಟ್ಟು ಮೊತ್ತ. ದೆಹಲಿಯಲ್ಲಿ ವೇತನವಾದದ್ದು ಹುಬ್ಬಳ್ಳಿಗೆ ಬಂದ ಕೂಡಲೇ ಕೃಪೆಯಾಗುವುದಕ್ಕೆ ಕಾರಣ ನನಗೆ ಕಾಣುವುದಿಲ್ಲ.

“ಗುರುಸೇವೆ ಅಂತ ತಿಳಕೊಂಡು ಕಲಿಯಲಿ. ದಾನಚಿಂತಾಮಣಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ ಊರಾಗ ನಿಂತು ರೊಕ್ಕದ ಮಾತು ಆಡ್ತೀರಲ್ಲ” ಎಂದವರೂ ಇದ್ದಾರೆ. ಅತ್ತಿಮಬ್ಬೆಯ ಹೆಸರು ಬಂದಾಗ ನನ್ನ ತಲೆಯೂ ಬಾಗುತ್ತದೆ. 1007ರಲ್ಲಿ ಇಲ್ಲಿ ಬ್ರಹ್ಮಜಿನಾಲಯ ಎತ್ತಿಸಿದ ಆ ತಾಯಿ ಇದ್ದದ್ದನ್ನು ಕೊಟ್ಟವಳು. ಸಾಲದಲ್ಲಿರುವವರಿಂದ ದಾನ ಕೇಳುವ ಪದ್ಧತಿಯನ್ನು ಅವಳ ಹೆಸರಿಗೆ ಅಂಟಿಸಬಾರದು. ಹಳೆಯ ಕಾಲದಲ್ಲಿ ವಿದ್ಯೆಗೆ ಹಣ ಬೇಕಿರಲಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ 945ರ ಶಾಸನವಿದೆ. ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದಾಗ ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ ಇರಲು ಮನೆ, ಊಟಕ್ಕೆ ಭೂಮಿ, ರಾತ್ರಿ ದೀಪಕ್ಕೆ ಭೂಮಿ, ಉಪಾಧ್ಯಾಯನಿಗೆ ಭೂಮಿ ಎಂದು ವಿಂಗಡಿಸಿ ಬಿಟ್ಟರು. ಓದುವವರ ಹೊಟ್ಟೆಯ ಚಿಂತೆ ನಾಡಿನದು ಎಂದು ಸಾವಿರ ವರ್ಷದ ಹಿಂದೆಯೇ ಕಲ್ಲಿನಲ್ಲಿ ಬರೆದವರು ನಮ್ಮವರು.

ಹಿರಿಯ ಸರ್ಜನ್ ಅವರು ಬರೆದ ಕಾಗದ ಪ್ರೀತಿಯಿಂದ ತುಂಬಿದೆ. “ನಮ್ಮ ಕಾಲದಲ್ಲಿ ಕೆಲವು ನೂರು ರೂಪಾಯಿಗೆ ಹಗಲು ರಾತ್ರಿ ದುಡಿದೆವು. ಕಷ್ಟವೇ ನಮ್ಮನ್ನು ಸರ್ಜನ್ ಮಾಡಿತು” ಎನ್ನುತ್ತಾರೆ. ಅವರು ದುಡಿದದ್ದು ನಿಜ. ಅವರ ಕೈಯಲ್ಲಿ ಬದುಕಿದವರು ಈ ಭಾಗದಲ್ಲಿ ಬಹಳ ಮಂದಿ. ಆದರೆ ಅವರು ಕಾಲೇಜಿನಿಂದ ಹೊರಬಂದ ದಿನ ಬ್ಯಾಂಕಿಗೆ ಒಂದು ಪೈಸೆ ಕೊಡಬೇಕಾಗಿರಲಿಲ್ಲ. ಆಗಿನ ಫೀ ಎಷ್ಟೆಂದರೆ ಅಪ್ಪ ಒಂದು ಸುಗ್ಗಿಯ ಹತ್ತಿ ಮಾರಿ ಕಟ್ಟಬಹುದಾಗಿತ್ತು. ಕಡಿಮೆ ಸಂಬಳ ತಾಳಿಕೊಳ್ಳುವುದು ಬೇರೆ, ಕಡಿಮೆ ಸಂಬಳದಲ್ಲಿ ಸಾಲದ ಕಂತು ಕಟ್ಟುವುದು ಬೇರೆ. ಈ ಎರಡನೆಯದನ್ನು ಅವರ ಪೀಳಿಗೆ ಕಂಡಿಲ್ಲ.

ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ಲೆಕ್ಕ ಮಾಡೋಣ.

ಖಾಸಗಿ ಕಾಲೇಜಿನಲ್ಲಿ ಎಂಬಿಬಿಎಸ್‌ಗೆ ಸೇರಿದ ಹುಡುಗಿಯೊಬ್ಬಳು ನಾಲ್ಕು ವರ್ಷ, ವರ್ಷಕ್ಕೆ ಎರಡೂವರೆ ಲಕ್ಷದಂತೆ 10 ಲಕ್ಷ ಸಾಲ ಎತ್ತಿದಳು ಎಂದು ಹಿಡಿಯಿರಿ. ಬಡ್ಡಿ ಶೇ 10. ಓದಿನ ಅವಧಿ, ಅದರ ಮೇಲೆ ಒಂದು ವರ್ಷ – ಇಷ್ಟು ಕಾಲ ಕಂತು ಕಟ್ಟಬೇಕಿಲ್ಲ. ಇದಕ್ಕೆ ಬ್ಯಾಂಕಿನಲ್ಲಿ ಮಾರಟೋರಿಯಂ ಎನ್ನುತ್ತಾರೆ. ಹೌಸ್ ಸರ್ಜನ್ಸಿ ಸೇರಿ ಎಂಬಿಬಿಎಸ್ ಐದೂವರೆ ವರ್ಷ, ಮೇಲೆ ಒಂದು ವರ್ಷ, ಒಟ್ಟು ಆರೂವರೆ ವರ್ಷ. ಕಂತಿಲ್ಲ ಎಂದರೆ ಬಡ್ಡಿ ಇಲ್ಲ ಎಂದಲ್ಲ. ಮೊದಲ ವರ್ಷ ಎತ್ತಿದ ಹಣಕ್ಕೆ ಆರೂವರೆ ವರ್ಷ, ಎರಡನೆಯದಕ್ಕೆ ಐದೂವರೆ, ಹೀಗೆ ಸರಳ ಬಡ್ಡಿಯೇ 5 ಲಕ್ಷ ಕೂಡುತ್ತದೆ. ಮೊದಲ ಕಂತು ಬರುವ ಹೊತ್ತಿಗೆ ಅದು ಅಸಲಿಗೆ ಸೇರಿ 15 ಲಕ್ಷ. ಹದಿನೈದು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 16,100 ರೂಪಾಯಿ.

ಆ ಕಂತು ಯಾವಾಗ ಶುರುವಾಗುತ್ತದೆ? ಎಂಬಿಬಿಎಸ್ ಮುಗಿದ ಮೇಲೆ ನೀಟ್ ಪಿಜಿಗೆ ಓದುತ್ತ ಒಂದು ವರ್ಷ ಹೋಗುತ್ತದೆ. ಸರಿಯಾಗಿ ಅವಳು ಸರ್ಜರಿ ಸೀಟು ಹಿಡಿದು ಮೊದಲ ವರ್ಷದ ಪಿಜಿಯಾದಾಗಲೇ ಬ್ಯಾಂಕಿನ ನೋಟಿಸು ಬರುತ್ತದೆ. 56,250ರಲ್ಲಿ 16,100 ಅಲ್ಲಿಗೆ ಹೋಯಿತು. ಉಳಿದದ್ದರಲ್ಲಿ ಪಿಜಿ ಫೀಗೆ ಒಂದಿಷ್ಟು ತೆಗೆದಿಡಬೇಕು, ಹಾಸ್ಟೆಲು, ಮೆಸ್ಸು, ಪುಸ್ತಕ, ಪ್ರಬಂಧದ ಖರ್ಚು. ಊರಲ್ಲಿ ಅಪ್ಪನ ಔಷಧ, ತಮ್ಮನ ಕಾಲೇಜು. ಪಿಜಿ ಸೀಟೂ ಖಾಸಗಿ ಕಾಲೇಜಿನದಾದರೆ ಎರಡನೇ ಸಾಲ. ಏಳೂವರೆ ಲಕ್ಷ ಮೀರಿದ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡವು ಬೇಕು. ಮುಂಡರಗಿ ಕಡೆಯ ಒಬ್ಬ ತಂದೆ ಎರೆ ಹೊಲದ ಉತಾರ ಹಿಡಿದು ನನ್ನ ಮುಂದೆ ಕೂತಿದ್ದರು. ಕೃಷಿ ಭೂಮಿಯನ್ನು ಈ ಸಾಲಕ್ಕೆ ಜಾಮೀನಾಗಿ ಹಿಡಿಯಲು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಜಪ್ತಿ ಮಾಡಲು ಬರುವುದಿಲ್ಲ ಎಂಬ ಕಾರಣಕ್ಕೆ. “ಹೊಲ ಬ್ಯಾಡಂದ್ರ ಮನಿ ಬರಕೋರಿ ಸಾಹೇಬ್ರ” ಎಂದರು. ಮನೆ ಬರೆದುಕೊಂಡೆವು. ಆ ಮನೆಯ ಕಾಗದ ಮಗಳು ಎರಡನೇ ವರ್ಷದ ಪಿಜಿಯಾಗಿ ಬೆಳಗಿನ ತನಕ ಥಿಯೇಟರಿನಲ್ಲಿ ನಿಂತಾಗಲೂ ಬ್ಯಾಂಕಿನ ತಿಜೋರಿಯಲ್ಲೇ ಇತ್ತು. ಆ ಭಾರ ಹೊತ್ತ ಕೈ ಮತ್ತಷ್ಟು ಚೆನ್ನಾಗಿ ಕೊಯ್ಯುತ್ತದೆ, ಹೊಲಿಯುತ್ತದೆ ಎಂದು ನಾನು ಒಪ್ಪಲಾರೆ.

ಇದಕ್ಕೆ ಉತ್ತರವಾಗಿ ಬರುವ ಮಾತು: “ಮುಂದೆ ಲಕ್ಷಗಟ್ಟಲೆ ಗಳಿಸ್ತಾರ, ಸಾಲ ತಾನ ತೀರ್ತದ.” ನನ್ನ ವಾದದ ಜೀವ ಇರುವುದೇ ಇಲ್ಲಿ. ಹೌದು, ಗಳಿಸುತ್ತಾರೆ. ಎಲ್ಲಿ ಗಳಿಸುತ್ತಾರೆ ಎಂದು ಯಾರೂ ಕೇಳಲಿಲ್ಲ.

ಹದಿನೆಂಟಕ್ಕೆ ಎಂಬಿಬಿಎಸ್ ಸೇರಿದವಳು ಸರ್ಜರಿ ಎಂಎಸ್ ಮುಗಿಸುವಾಗ ಇಪ್ಪತ್ತೆಂಟರ ಹತ್ತಿರ ಇರುತ್ತಾಳೆ. ಕಡ್ಡಾಯ ಸೇವೆಗೆ ಕರೆಯಲು 2012ರ ರಾಜ್ಯ ಕಾಯ್ದೆ ಇದೆ. ಕರೆದರೆ ಇನ್ನೊಂದು ವರ್ಷ. ಮೂತ್ರಪಿಂಡ, ನರ, ಪ್ಲಾಸ್ಟಿಕ್ ಸರ್ಜರಿ ಎಂದು ಮುಂದೆ ಎಂಸಿಎಚ್ ಓದಿದರೆ ಮತ್ತೆ ಮೂರು ವರ್ಷ. ಅಷ್ಟು ಕಾಲ ಕಂತು ಮುಂದೂಡಿದರೂ ಬಡ್ಡಿ ಮುಂದೂಡುವುದಿಲ್ಲ: 15 ಲಕ್ಷಕ್ಕೆ ಶೇ 10ರಂತೆ ಪಿಜಿಯ ಮೂರು ವರ್ಷಕ್ಕೇ ನಾಲ್ಕೂವರೆ ಲಕ್ಷ. ಹೊರಬಂದ ದಿನ ಇಪ್ಪತ್ತು ಲಕ್ಷದ ಹತ್ತಿರ ಸಾಲವಿರುವ ಸರ್ಜನ್ನಿಗೆ ಎರಡು ದಾರಿ. ಒಂದು, ಹುಬ್ಬಳ್ಳಿ ಅಥವಾ ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆ. ಇನ್ನೊಂದು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಊರಿನ ಸರ್ಕಾರಿ ಆಸ್ಪತ್ರೆ. ಎರಡನೆಯ ದಾರಿ ಹಿಡಿಯುವ ಮನಸ್ಸು ಬಹಳ ಮಕ್ಕಳಿಗಿದೆ. ಊರಿನ ಮಕ್ಕಳೇ ಅವರು. ಆ ಮನಸ್ಸನ್ನು ಬದಲಿಸುವುದು ಕಂತಿನ ಎಸ್ಸೆಮ್ಮೆಸ್ಸು. ಗದಗಿನಲ್ಲಿ 2015ರಿಂದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ನಡೆಯುತ್ತಿದೆ, ನಮ್ಮ ಜಿಮ್ಸ್. ಲಕ್ಕುಂಡಿಯಿಂದ ಹೆದ್ದಾರಿ ಹಿಡಿದರೆ ಗದಗು ಹನ್ನೆರಡು ಕಿಲೋಮೀಟರಿನಷ್ಟು. ಜಿಲ್ಲೆಯ ನಾಲ್ಕೂ ಕಡೆಯ ಊರುಗಳಿಗೆ ಆ ಭಾಗ್ಯವಿಲ್ಲ. ರಾತ್ರಿ ಕರುಳು ತೂತಾಗಿ ಹೊಟ್ಟೆ ಹಲಗೆಯಾದವನನ್ನು ಶಿರಹಟ್ಟಿಯ ಆಚೆಯ ಹಳ್ಳಿಯಿಂದ ಹೊತ್ತು ತರುವಾಗ ಪ್ರತಿ ತಾಸಿಗೂ ಬೆಲೆಯಿದೆ. ತಾಲೂಕಿನಲ್ಲಿ ಸರ್ಜನ್ ನಿಲ್ಲಬೇಕಾದರೆ ಅವರು ಸಾಲಕ್ಕೆ ಹೆದರಿ ಓಡಬೇಕಾದ ಸ್ಥಿತಿ ಇರಬಾರದು. ಪಿಜಿಯ ಮೂರು ವರ್ಷದ ಬಡ್ಡಿ ಹೊರುವುದು ಸರ್ಕಾರಕ್ಕೆ ಆ ತಾಲೂಕಿನ ಮೇಲೆ ಮಾಡುವ ಖರ್ಚು.

“ಹಾಗಾದರೆ ರಾತ್ರಿ ಬೇರೆ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಮಾಡಿ ಗಳಿಸಲಿ” ಎಂದವರಿಗೆ: ಪೂರ್ಣಾವಧಿ ರೆಸಿಡೆಂಟಿಗೆ ಹೊರಗೆ ವೃತ್ತಿ ಮಾಡಲು ಅವಕಾಶವಿಲ್ಲ. ಇದ್ದರೂ, ಯಾವ ರಾತ್ರಿ?

“ಸಾಲ ಮಾಡಿ ಡಾಕ್ಟರ್ ಆಗು ಅಂತ ಯಾರ್ ಹೇಳಿದ್ರು?” ಎಂಬ ಮಾತಿಗೆ ಉದ್ದ ಉತ್ತರ ಬೇಡ. ಸಾಲ ಮಾಡದೆ ಓದಬಲ್ಲವರ ಮಕ್ಕಳಷ್ಟೇ ಸರ್ಜನ್ ಆಗಲಿ ಎಂದು ಇದರ ಅರ್ಥ. ಹಾಗಾದರೆ ನಮ್ಮ ಭಾಗದ ಹಳ್ಳಿಗಳಿಂದ ಯಾರೂ ಆಗುವುದಿಲ್ಲ.

ರೈತ ಗೆಳೆಯರ ಆಕ್ಷೇಪಕ್ಕೆ ಮಾತ್ರ ನಾನು ಎಚ್ಚರದಿಂದ ಉತ್ತರಿಸಬೇಕು. “ನಮ್ಮ ಉಳ್ಳಾಗಡ್ಡಿಗೆ ರೇಟಿಲ್ಲ, ಹೆಸರು ಮಳಿಗೆ ಹೋತು. ನಮ್ಮ ಸಾಲ ಹಂಗ ಐತಿ. ಡಾಕ್ಟರ್ ಮಕ್ಕಳ ಬಡ್ಡಿ ಸರ್ಕಾರ ಯಾಕ ತುಂಬಬೇಕು?” ಈ ನೋವು ನನಗೆ ಹೊರಗಿನದಲ್ಲ. ನಾನು ಸಾಲ ಮನ್ನಾ ಕೇಳಿಲ್ಲ. ಅಸಲನ್ನು ಆ ಮಕ್ಕಳೇ ಕಟ್ಟಲಿ. ಕೇಳಿದ್ದು ಬಡ್ಡಿ, ಅದೂ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯುವ ಅವಧಿಯದು. ಈ ದಾರಿ ಹಾಕಿಕೊಟ್ಟವರೇ ನಮ್ಮ ರೈತರು. ಸಹಕಾರ ಸಂಘಗಳಿಂದ ರೈತರಿಗೆ ಶೂನ್ಯ ಬಡ್ಡಿಯಲ್ಲಿ ಬೆಳೆ ಸಾಲ ಸಿಗುತ್ತದೆ. ರಾಜ್ಯ ಸರ್ಕಾರ ಆ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಬಿತ್ತಿದವನಿಗೆ ರಾಶಿ ಬರುವ ತನಕ ಬಡ್ಡಿಯ ಕಾಟ ಇರಬಾರದು ಎಂಬ ತತ್ವ ಅದು. ಓದುತ್ತಲೇ ದುಡಿಯುವ ಡಾಕ್ಟರಿಗೂ ಅದೇ ತತ್ವ ಸಲ್ಲುತ್ತದೆ. ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು, ಸಾಹುಕಾರನ ಬಡ್ಡಿಗೆ ಸಿಕ್ಕವನು ಮೇಲೇಳುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡು. ಬಡ್ಡಿ ಏನು ಮಾಡುತ್ತದೆ ಎಂಬುದನ್ನು ಈ ಜಿಲ್ಲೆಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ಕೇಂದ್ರದ ಬಡ್ಡಿ ಸಹಾಯಧನ ಯೋಜನೆ ಇದೆಯಲ್ಲ ಎಂದು ಒಬ್ಬರು ನೆನಪಿಸಿದರು. ಇದೆ. ಕುಟುಂಬದ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದವರಿಗೆ ಮಾರಟೋರಿಯಂ ಅವಧಿಯ ಬಡ್ಡಿ ಸರ್ಕಾರ ಕೊಡುತ್ತದೆ. ಆದರೆ ಒಬ್ಬ ವಿದ್ಯಾರ್ಥಿಗೆ ಅದು ಒಂದೇ ಸಲ. ಎಂಬಿಬಿಎಸ್‌ಗೆ ಪಡೆದವರಿಗೆ ಪಿಜಿಯಲ್ಲಿ ಸಿಗುವುದಿಲ್ಲ. ನಾನು ಕೇಳುತ್ತಿರುವುದು ಆ ಖಾಲಿ ಜಾಗವನ್ನು ರಾಜ್ಯ ತುಂಬಲಿ ಎಂದು.

ಖಾಸಗಿ ಕಾಲೇಜಿನ ಆಡಳಿತದವರು, ಸರ್ಕಾರದಷ್ಟೇ ಸ್ಟೈಪೆಂಡ್ ಕೊಡಬೇಕಾದರೆ ಫೀ ಏರಿಸಬೇಕಾಗುತ್ತದೆ ಎಂದಿದ್ದಾರೆ. ಇದು ಚೌಕಾಸಿಯ ವಿಷಯವೇ ಅಲ್ಲ. ಆಯಾ ರಾಜ್ಯದ ಸರ್ಕಾರಿ ಸಂಸ್ಥೆಗಳಿಗೆ ಸಮನಾದ ದರದಲ್ಲಿ ಪಿಜಿಗಳಿಗೆ ಸ್ಟೈಪೆಂಡ್ ಕೊಡಬೇಕೆಂದು ವೈದ್ಯಕೀಯ ಆಯೋಗದ ನಿಯಮವೇ ಇದೆ. ದೆಹಲಿಯ ಆರ್ಮಿ ಮೆಡಿಕಲ್ ಕಾಲೇಜಿನ ಇಂಟರ್ನಿಗಳ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟು ತಿಂಗಳಿಗೆ 25,000 ರೂಪಾಯಿ ಕೊಡಿ ಎಂದು ಆದೇಶಿಸಿತು. ಹಾಸಿಗೆ ತುಂಬಿದ ಆಸ್ಪತ್ರೆಯನ್ನು ಪಿಜಿಗಳ ಕೈಯಲ್ಲಿ ನಡೆಸಿ, ರೋಗಿಯಿಂದ ಬಿಲ್ಲು ಪಡೆದು, ಅದೇ ಪಿಜಿಯಿಂದ ಫೀಯನ್ನೂ ಪಡೆದು, ಸ್ಟೈಪೆಂಡಿನ ಹೊತ್ತಿಗೆ ಖಜಾನೆ ಖಾಲಿ ಎನ್ನುವುದು ನ್ಯಾಯವಲ್ಲ.

ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ: ಕೊಟ್ಟ ಹಣವನ್ನು ಈ ಮಕ್ಕಳು ನಿಭಾಯಿಸಲು ಕಲಿತಿಲ್ಲ, ಮೊದಲ ಸ್ಟೈಪೆಂಡ್ ಬಂದ ತಿಂಗಳೇ ಕಾರಿನ ಕಂತು ಶುರು ಮಾಡುತ್ತಾರೆ ಎಂಬುದು. ಕೆಲವರು ಮಾಡುತ್ತಾರೆ. ಅವರಿಗೆ ನಾನು ಇಲ್ಲಿಯೇ ಹೇಳುವುದಿದೆ. ತಮ್ಮಾ, ತಂಗೀ, ಪಿಜಿ ಸೀಟು ಸಿಕ್ಕ ವಾರವೇ ಪ್ರವೇಶ ಪತ್ರ ಹಿಡಿದು ಸಾಲ ಕೊಟ್ಟ ಶಾಖೆಗೆ ಹೋಗಿರಿ. ಮುಂದಿನ ಓದಿಗಾಗಿ ಕಂತು ಮುಂದೂಡುವಂತೆ ಬರಹದಲ್ಲಿ ಕೇಳಿರಿ. ನೋಟಿಸು ಬರುವ ತನಕ ಕಾದರೆ ಖಾತೆ ಕೆಡುತ್ತದೆ, ಸಿಬಿಲ್ ಅಂಕ ಬೀಳುತ್ತದೆ, ನಾಳೆ ಸ್ವಂತ ಆಸ್ಪತ್ರೆ ಕಟ್ಟುವ ಸಾಲಕ್ಕೆ ಅದೇ ಅಡ್ಡ ಬರುತ್ತದೆ. ಕಂತು ಮುಂದೂಡಿದರೂ ಆದಷ್ಟು ಬಡ್ಡಿಯನ್ನು ತಿಂಗಳಿಗೊಮ್ಮೆ ಕಟ್ಟುತ್ತ ಬನ್ನಿ. 10 ಲಕ್ಷಕ್ಕೆ ಶೇ 10ರಂತೆ ತಿಂಗಳ ಬಡ್ಡಿ 8,300ರ ಆಸುಪಾಸು. ಅದು ಅಸಲಿಗೆ ಸೇರದಂತೆ ತಡೆಯುವುದೇ ದೊಡ್ಡ ಗಳಿಕೆ. ಓದಿನ ಅವಧಿಯಲ್ಲಿ ಬಡ್ಡಿ ಕಟ್ಟಿದವರಿಗೆ ಶೇ 1 ರಿಯಾಯಿತಿ ಕೊಡಲು ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಅವಕಾಶವಿದೆ; ಕೇಳದಿದ್ದರೆ ಯಾರೂ ಹೇಳುವುದಿಲ್ಲ. ತೆರಿಗೆ ಉಳಿಸಲು ಎಂದು ಹಾಸ್ಟೆಲಿಗೇ ಬಂದು ಪಾಲಿಸಿ ಮಾರುವವರಿಗೆ ಕೈಮುಗಿದು ಕಳಿಸಿರಿ. 56,250 ಎಂದರೆ ವರ್ಷಕ್ಕೆ 6,75,000. ಈಗಿನ ಹೊಸ ತೆರಿಗೆ ಪದ್ಧತಿಯಲ್ಲಿ ಅದಕ್ಕೆ ತೆರಿಗೆಯೇ ಬೀಳುವುದಿಲ್ಲ. ನಿಮ್ಮ ಸಾಲಕ್ಕೆ ಅಪ್ಪನ ಮನೆ ಅಡವಿದ್ದರೆ ಒಂದು ಅಗ್ಗದ ಟರ್ಮ್ ವಿಮೆ ಮಾತ್ರ ಮಾಡಿಸಿರಿ. ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಒಂದು ತಿಂಗಳೂ ಮುಂದಕ್ಕೆ ಬಿಡಬೇಡಿ.

ಇಷ್ಟು ಹೇಳಿದ ಮೇಲೂ, ಹಣ ನಿಭಾಯಿಸಲು ಬರದವರಿದ್ದಾರೆಂದು ಹಣವನ್ನೇ ಕೊಡದಿರುವುದು ಉತ್ತರವಾಗದು. ಅಷ್ಟೇ ಅಲ್ಲ, ನಿಭಾಯಿಸಬೇಕಾದರೆ ಹಣ ತಿಂಗಳ ತಿಂಗಳಿಗೆ ಬರಬೇಕು. ಎರಡು ಮೂರು ತಿಂಗಳು ಸ್ಟೈಪೆಂಡ್ ತಡವಾಗಿ, ಒಟ್ಟಿಗೆ ಬಂದು ಬೀಳುವಾಗ ಎಂಥ ಲೆಕ್ಕಗಾರನ ಲೆಕ್ಕವೂ ತಪ್ಪುತ್ತದೆ. ಬ್ಯಾಂಕಿನ ಕಂತಿನ ತಾರೀಖು ಮಾತ್ರ ತಪ್ಪುವುದಿಲ್ಲ.

ಕೊನೆಯದಾಗಿ ಮುಷ್ಕರ. 2024ರ ಆಗಸ್ಟಿನಲ್ಲಿ ರಾಜ್ಯದ ರೆಸಿಡೆಂಟ್ ಡಾಕ್ಟರುಗಳು ಸ್ಟೈಪೆಂಡಿಗಾಗಿ ಮುಷ್ಕರ ಹೂಡಿದ್ದನ್ನು ಎತ್ತಿ ತೋರಿಸಿ, ರೋಗಿಗಳನ್ನು ಬಿಟ್ಟು ಬೀದಿಗಿಳಿದವರ ಪರ ಮಾತಾಡುತ್ತೀರಾ ಎಂದು ಕೇಳಿದ್ದಾರೆ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಹಣ ಹೊಂದಿಸಿ ಒಪಿಡಿಗೆ ಬಂದವರು ಬಾಗಿಲಿನಿಂದ ತಿರುಗಿ ಹೋಗುವುದು ನನಗೂ ಸಂಕಟದ ವಿಷಯ. ಆದರೆ ಆ ಬೀದಿಗೆ ಅವರನ್ನು ತಂದದ್ದು ಏನು? 2020ರಲ್ಲಿ ನಿಗದಿಯಾದ ಮೊತ್ತ 2024ರ ತನಕ ಅಲ್ಲಾಡಲಿಲ್ಲ. ಅದೇ ನಾಲ್ಕು ವರ್ಷಗಳಲ್ಲಿ ಸರ್ಕಾರಿ ನೌಕರರ ತುಟ್ಟಿಭತ್ಯೆ ಹಲವು ಬಾರಿ ಏರಿತು, ಯಾರೂ ಮುಷ್ಕರ ಹೂಡಬೇಕಾಗಲಿಲ್ಲ, ಏಕೆಂದರೆ ಬೆಲೆಯ ಸೂಚ್ಯಂಕ ಏರಿದಂತೆ ಅದು ಏರುವ ಏರ್ಪಾಡಿದೆ. ಸ್ಟೈಪೆಂಡಿಗೂ ಅದೇ ಏರ್ಪಾಡು ಮಾಡಲು ಹೊಸ ಕಾಯ್ದೆ ಬೇಡ, ಹೊಸ ಸಮಿತಿ ಬೇಡ. ವೈದ್ಯಕೀಯ ಶಿಕ್ಷಣ ಇಲಾಖೆಯ ಮುಂದಿನ ಆದೇಶದಲ್ಲಿ ಒಂದು ಸಾಲು ಸಾಕು. ಆ ಸಾಲನ್ನು ಬರೆಸುವಂತೆ ಜಿಲ್ಲೆಯ ನಾಲ್ವರು ಶಾಸಕರಿಗೂ ಮನವಿ ಸಿದ್ಧಪಡಿಸಿದ್ದೇನೆ. ವಿರೋಧಿಸಿದವರೂ ಓದಿ ನೋಡಲಿ, ಒಪ್ಪಿದರೆ ಸಹಿ ಹಾಕಲಿ.